ಗ್ರಾಮ ಪಂಚಾಯಿತಿ ನೌಕರರ ಹಕ್ಕುಗಳು: ಉದ್ಯೋಗದಾತರಾಗಿ ಸದಸ್ಯರ ಹೊಣೆ



ನಮ್ಮ ಸಾಮಾನ್ಯ ಸಭೆಗಳಲ್ಲಿ ಕುಡಿಯುವ ನೀರು, ಬೀದಿದೀಪ, ಚರಂಡಿ, ಕಸ ವಿಲೇವಾರಿ, ತೆರಿಗೆ ವಸೂಲಿ ಇವುಗಳ ಕುರಿತು ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಆದರೆ ಆ ನೀರನ್ನು ಬಿಡುವವರು, ದೀಪವನ್ನು ಹೊತ್ತಿಸುವವರು, ಚರಂಡಿಯನ್ನು ಶುಚಿಗೊಳಿಸುವವರು, ತೆರಿಗೆಯನ್ನು ವಸೂಲು ಮಾಡುವವರು ಇವರ ವಿಷಯ ಸಭೆಯ ಮುಂದೆ ಬರುವುದು ಸಾಮಾನ್ಯವಾಗಿ ಕಾರ್ಯಸೂಚಿಯ ಕೊನೆಯಲ್ಲಿರುವ ‘ಇತರೆ ವಿಷಯಗಳು’ ಎಂಬ ಸಾಲಿನಡಿ. ಅದೂ ಹೆಚ್ಚಾಗಿ ಯಾರನ್ನಾದರೂ ಕೆಲಸದಿಂದ ತೆಗೆಯಬೇಕೆಂಬ ಅಥವಾ ಯಾರದಾದರೂ ಸಂಬಳ ತಡೆಯಬೇಕೆಂಬ ಒತ್ತಾಯದ ರೂಪದಲ್ಲಿ.

ಗ್ರಾಮ ಪಂಚಾಯಿತಿಯು ಸ್ಥಳೀಯ ಸರ್ಕಾರವಾಗಿರುವಂತೆಯೇ ಒಂದು ಉದ್ಯೋಗದಾತ ಸಂಸ್ಥೆಯೂ ಆಗಿದೆ. ನೀರುಗಂಟಿ, ಕರ ವಸೂಲಿಗಾರ, ಗುಮಾಸ್ತ, ಡಾಟಾ ಎಂಟ್ರಿ ಆಪರೇಟರ್, ಜವಾನ, ಸ್ವಚ್ಛತಾಗಾರ ಇವರೆಲ್ಲರ ಪಾಲಿಗೆ ‘ಮಾಲೀಕ’ ಎಂದರೆ ಪಂಚಾಯಿತಿಯ ಸಭೆಯೇ. ನಿರ್ಣಯದ ಪರವಾಗಿ ಕೈ ಎತ್ತುವ ಪ್ರತಿಯೊಬ್ಬ ಸದಸ್ಯರೂ ಆ ಮಾಲೀಕತ್ವದ ಪಾಲುದಾರರು. ಆದುದರಿಂದ ನೌಕರರಿಗೆ ಕಾನೂನು ನೀಡಿರುವ ರಕ್ಷಣೆಗಳು ಯಾವುವು, ಅವುಗಳನ್ನು ಮೀರಿದಾಗ ಪಂಚಾಯಿತಿಗೆ ಆಗುವ ನಷ್ಟವೇನು, ನೌಕರನ ತಪ್ಪು ನಿಜವೇ ಆಗಿದ್ದಲ್ಲಿ ಸರಿಯಾದ ದಾರಿ ಯಾವುದು ಎಂಬುದನ್ನು ತಮ್ಮ ಅವಗಾಹನೆಗೆ ತರುವುದು ಈ ಲೇಖನದ ಉದ್ದೇಶ.

1. ಒಂದು ನಿರ್ಣಯದ ಕಥೆ

ವಿಷಯದ ಗಂಭೀರತೆ ಮನವರಿಕೆಯಾಗಲೆಂದು ನನ್ನ ಸೇವೆಯ ಆರಂಭದ ದಿನಗಳ ಒಂದು ಪ್ರಸಂಗವನ್ನು ಇಲ್ಲಿ ಹೇಳುತ್ತೇನೆ. ಪಂಚಾಯಿತಿಯ ಹೆಸರು ಇಲ್ಲಿ ಅಗತ್ಯವಿಲ್ಲ. ತಪ್ಪಿನಲ್ಲಿ ನನ್ನ ಪಾಲೂ ಇದೆ.

ಹೊಸ ಆಡಳಿತ ಮಂಡಳಿ ಬಂದ ಎರಡನೆಯ ಸಭೆಯಲ್ಲಿ ಒಬ್ಬ ನೀರುಗಂಟಿಯನ್ನು ಕೆಲಸದಿಂದ ತೆಗೆಯಬೇಕೆಂಬ ಮಾತು ಬಂದಿತು. ಆತ ಹದಿನಾಲ್ಕು ವರ್ಷಗಳಿಂದ ಮೂರು ಗ್ರಾಮಗಳಿಗೆ ನೀರು ಬಿಡುತ್ತಿದ್ದವರು. ಚುನಾವಣೆಯಲ್ಲಿ ಎದುರು ಬಣದ ಪರವಾಗಿ ಓಡಾಡಿದರೆಂಬುದು ಎಲ್ಲರ ಮನಸ್ಸಿನಲ್ಲಿದ್ದ ಕಾರಣ. ನಡಾವಳಿ ಪುಸ್ತಕದಲ್ಲಿ ಬರೆಯಲಾದ ಕಾರಣ ‘ಕರ್ತವ್ಯಲೋಪ’. ಯಾವ ದಿನ, ಯಾವ ಬೀದಿಯಲ್ಲಿ, ಯಾವ ಲೋಪ ಎಂಬ ವಿವರ ಇರಲಿಲ್ಲ. ನೋಟಿಸು ನೀಡಿರಲಿಲ್ಲ. ಇಂಜಿನಿಯರಿಂಗ್ ಓದಿ ಸೇವೆಗೆ ಸೇರಿದ ನನಗೆ ಪೈಪಿನ ಅಳತೆ ತಿಳಿದಿತ್ತು, ಇಲಾಖಾ ವಿಚಾರಣೆಯ ಕ್ರಮ ತಿಳಿದಿರಲಿಲ್ಲ. ಸಭೆ ಹೇಳಿತು, ನಾನು ಎರಡು ಸಾಲಿನಲ್ಲಿ ಬರೆದೆ.

ಮರುದಿನ ಬೆಳಿಗ್ಗೆ ಆತ ಪಂಪ್‌ಹೌಸಿನ ಬೀಗದ ಕೈ ಗೊಂಚಲನ್ನು ನನ್ನ ಮೇಜಿನ ಮೇಲಿಟ್ಟು ಒಂದೇ ಮಾತು ಕೇಳಿದರು: “ಸಾರ್, ನಾನು ಮಾಡಿದ ತಪ್ಪು ಏನು ಅಂತ ಒಂದು ಹಾಳೇಲಿ ಬರೆದುಕೊಡಿ.” ಬರೆದುಕೊಡಲು ನನ್ನ ಬಳಿ ಏನೂ ಇರಲಿಲ್ಲ.

ಅನಂತರ ನಡೆದುದು ಇಷ್ಟು. ಯಾವ ವಾಲ್ವನ್ನು ಎಷ್ಟು ಸುತ್ತು ತಿರುಗಿಸಿದರೆ ಮೇಲಿನ ಬೀದಿಗೆ ನೀರು ಏರುತ್ತದೆ ಎಂಬುದು ಆ ಮನುಷ್ಯನ ತಲೆಯಲ್ಲಿತ್ತೇ ಹೊರತು ಯಾವ ನಕ್ಷೆಯಲ್ಲಿಯೂ ಇರಲಿಲ್ಲ. ಮೇಲಿನ ಬೀದಿಗೆ ಒಂಬತ್ತು ದಿನ ನೀರು ಬರಲಿಲ್ಲ. ನೀರುಗಂಟಿ ಮೇಲಿನ ಪ್ರಾಧಿಕಾರಕ್ಕೆ ಲಿಖಿತ ಮನವಿ ಸಲ್ಲಿಸಿದರು. ಪರಿಶೀಲನೆಯಲ್ಲಿ ನಿರ್ಣಯವೊಂದನ್ನು ಬಿಟ್ಟು ಬೇರೆ ದಾಖಲೆ ಸಿಗಲಿಲ್ಲ. ಐದು ತಿಂಗಳ ಬಳಿಕ ಆತನನ್ನು ಮರಳಿ ಕೆಲಸಕ್ಕೆ ತೆಗೆದುಕೊಂಡು, ಬಾಕಿ ವೇತನವನ್ನು ಸ್ವಂತ ಸಂಪನ್ಮೂಲದಿಂದ ಪಾವತಿಸಬೇಕಾಯಿತು. ಅದೇ ಅವಧಿಗೆ ಬದಲಿ ವ್ಯಕ್ತಿಗೂ ಹಣ ಕೊಟ್ಟಿದ್ದೆವು. ಬೀದಿದೀಪಗಳ ದುರಸ್ತಿಗೆಂದು ಇಟ್ಟಿದ್ದ ಮೊತ್ತ ಹೀಗೆ ಕರಗಿತು. ಆ ಐದು ತಿಂಗಳು ಆತನ ಮನೆಯಲ್ಲಿ ಏನು ನಡೆಯಿತೆಂಬುದಕ್ಕೆ ಯಾವ ಲೆಕ್ಕಶೀರ್ಷಿಕೆಯೂ ಇಲ್ಲ. ಮಗಳ ಕಾಲೇಜು ಪ್ರವೇಶ ಆ ವರ್ಷ ತಪ್ಪಿತೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಅಂದು ಆತ ಕೇಳಿದ ಆ ಒಂದು ಹಾಳೆಯೇ ನೌಕರರ ರಕ್ಷಣೆಗೆ ಸಂಬಂಧಿಸಿದ ಕಾನೂನಿನ ತಿರುಳು.

2. ಶಿಸ್ತು ಕ್ರಮಕ್ಕೆ ಕಾನೂನು ಅಡ್ಡಿಯಲ್ಲ; ಕ್ರಮವಿಲ್ಲದ ಶಿಸ್ತಿಗೆ ಅಡ್ಡಿ

ಕೆಲಸ ಮಾಡದ ನೌಕರನನ್ನು ಕಾನೂನು ರಕ್ಷಿಸುತ್ತದೆ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಇದು ಸರಿಯಲ್ಲ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993 ಪಂಚಾಯಿತಿಗೆ ತಾನು ನೇಮಿಸಿದ ನೌಕರರ ಮೇಲೆ ಶಿಸ್ತು ಕ್ರಮ ಜರುಗಿಸುವ ಅಧಿಕಾರವನ್ನು ಕೊಟ್ಟಿದೆ. ಆದರೆ ಆ ಅಧಿಕಾರವನ್ನು ಸ್ವಾಭಾವಿಕ ನ್ಯಾಯದ ಎರಡು ತತ್ತ್ವಗಳಿಗೆ ಒಳಪಟ್ಟು ಚಲಾಯಿಸಬೇಕು. ಮೊದಲನೆಯದು, ಎದುರು ಪಕ್ಷದ ಮಾತನ್ನು ಕೇಳದೆ ತೀರ್ಮಾನಿಸಬಾರದು. ಎರಡನೆಯದು, ತನ್ನದೇ ಪ್ರಕರಣದಲ್ಲಿ ತಾನೇ ನ್ಯಾಯಾಧೀಶನಾಗಬಾರದು. ಸಂವಿಧಾನದ 14ನೇ ಅನುಚ್ಛೇದವು ಸ್ವೇಚ್ಛಾಚಾರದ ಆಡಳಿತವನ್ನು ನಿಷೇಧಿಸುತ್ತದೆ. ಸಂವಿಧಾನದ ಅರ್ಥದಲ್ಲಿ ಪಂಚಾಯಿತಿಯೂ ‘ರಾಜ್ಯ’ವೇ. ಜೀವನೋಪಾಯವೂ 21ನೇ ಅನುಚ್ಛೇದದಡಿಯ ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 1985ರ ಓಲ್ಗಾ ಟೆಲಿಸ್ ಪ್ರಕರಣದಲ್ಲಿ ಹೇಳಿದೆ. ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡದೆ ಒಬ್ಬ ಕಾರ್ಮಿಕನ ಸೇವೆಯನ್ನು ಕೊನೆಗೊಳಿಸುವುದು ನ್ಯಾಯಸಮ್ಮತವಲ್ಲವೆಂದು 1993ರ ಡಿ.ಕೆ. ಯಾದವ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ತೀರ್ಪು ನೀಡಿದೆ.

ಇದನ್ನು ನಮ್ಮ ಪಂಚಾಯಿತಿಯ ಮಟ್ಟಕ್ಕೆ ಇಳಿಸಿ ನೋಡೋಣ. ನೀರುಗಂಟಿ ಪದೇ ಪದೇ ಗೈರುಹಾಜರಾಗುತ್ತಿದ್ದಾನೆ ಅಥವಾ ಕರ ವಸೂಲಿಗಾರ ರಸೀದಿ ಕೊಡದೆ ಹಣ ಪಡೆದಿದ್ದಾನೆ ಎಂಬ ದೂರು ಬಂದಿದೆ ಎಂದುಕೊಳ್ಳಿ. ಆಗ ಅನುಸರಿಸಬೇಕಾದ ಕ್ರಮ ಈ ಕೆಳಕಂಡಂತಿದೆ.

ಅ) ದೂರು ಲಿಖಿತವಾಗಿರಬೇಕು. ದೂರುದಾರರಿಗೆ ಬರೆಯಲು ಬಾರದಿದ್ದಲ್ಲಿ ಕಚೇರಿಯಲ್ಲಿ ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟಿನ ಗುರುತು ಪಡೆಯಬಹುದು.

ಆ) ಕಾರಣ ಕೇಳುವ ನೋಟಿಸಿನಲ್ಲಿ ಆರೋಪ ನಿರ್ದಿಷ್ಟವಾಗಿರಬೇಕು. ‘ಕರ್ತವ್ಯಲೋಪ’, ‘ದುರ್ವರ್ತನೆ’ ಎಂಬ ಪದಗಳು ಆರೋಪವಲ್ಲ, ಅವು ಆರೋಪದ ಶೀರ್ಷಿಕೆ ಮಾತ್ರ. ಇಂತಹ ದಿನಾಂಕದಂದು, ಇಂತಹ ಸ್ಥಳದಲ್ಲಿ, ಇಂತಹ ಕೆಲಸವನ್ನು ಮಾಡಿಲ್ಲ ಎಂದಿರಬೇಕು. ದೂರಿನ ಪ್ರತಿಯನ್ನು ಲಗತ್ತಿಸಬೇಕು.

ಇ) ಉತ್ತರಿಸಲು ಸಾಕಷ್ಟು ಕಾಲಾವಕಾಶ ನೀಡಬೇಕು. ಸಂಜೆ ನೋಟಿಸು ಕೊಟ್ಟು ಮರುದಿನ ಬೆಳಿಗ್ಗೆ ಉತ್ತರ ಕೇಳುವುದು ಅವಕಾಶ ಕೊಟ್ಟಂತಲ್ಲ. ನೋಟಿಸು ತಲುಪಿದ್ದಕ್ಕೆ ಸ್ವೀಕೃತಿ ಪಡೆದು ಕಡತದಲ್ಲಿಡಬೇಕು.

ಈ) ನೌಕರನು ಆರೋಪವನ್ನು ಅಲ್ಲಗಳೆದರೆ ವಿಚಾರಣೆ ನಡೆಸಬೇಕು. ಸಾಕ್ಷಿಗಳ ಹೇಳಿಕೆಯನ್ನು ನೌಕರನ ಎದುರಿನಲ್ಲಿಯೇ ಪಡೆದು, ಪ್ರಶ್ನಿಸಲು ಆತನಿಗೆ ಅವಕಾಶ ಕೊಡಬೇಕು. ಆತನ ಪರ ಸಾಕ್ಷಿಗಳನ್ನೂ ಕೇಳಬೇಕು.

ಉ) ದೂರು ಕೊಟ್ಟ ಸದಸ್ಯರಾಗಲಿ, ನೌಕರನೊಡನೆ ಸ್ವಂತ ವ್ಯಾಜ್ಯವಿರುವ ಸದಸ್ಯರಾಗಲಿ ವಿಚಾರಣೆಯಿಂದಲೂ ನಿರ್ಣಯದಿಂದಲೂ ಹೊರಗುಳಿಯುವುದು ಒಳ್ಳೆಯದು. ಇದರಿಂದ ನಿರ್ಣಯದ ಬಲ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ.

ಊ) ಶಿಕ್ಷೆಯು ತಪ್ಪಿನ ಪ್ರಮಾಣಕ್ಕೆ ಅನುಗುಣವಾಗಿರಬೇಕು. ಮೊದಲ ಬಾರಿಯ ಎರಡು ದಿನಗಳ ಗೈರುಹಾಜರಿಗೆ ಎಚ್ಚರಿಕೆ ಸಾಕು, ವಜಾ ಅತಿಯಾಗುತ್ತದೆ. ಪಂಚಾಯಿತಿಯ ಹಣ ದುರುಪಯೋಗವಾದುದು ಸಾಬೀತಾದಲ್ಲಿ ಎಚ್ಚರಿಕೆ ಸಾಲದು.

ಋ) ಆದೇಶದಲ್ಲಿ ಕಾರಣಗಳಿರಬೇಕು. ನೌಕರನು ಏನು ಉತ್ತರಿಸಿದ, ಅದನ್ನು ಏಕೆ ಒಪ್ಪಿಲ್ಲ ಎಂಬುದನ್ನು ಬರೆಯಬೇಕು. ಮೇಲ್ಮನವಿಯನ್ನು ಯಾರಿಗೆ ಸಲ್ಲಿಸಬಹುದೆಂಬುದನ್ನೂ ಅದರಲ್ಲಿಯೇ ತಿಳಿಸುವುದು ನ್ಯಾಯಯುತ.

ಈ ಕ್ರಮದಲ್ಲಿ ನಡೆದ ಶಿಸ್ತು ಕ್ರಮವು ಮೇಲ್ಮನವಿಯಲ್ಲಿ ನಿಲ್ಲುವ ಸಾಧ್ಯತೆ ಹೆಚ್ಚು. ಬಾಯಿಮಾತಿನಲ್ಲಿ ‘ನಾಳೆಯಿಂದ ಬರಬೇಡ’ ಎಂದದ್ದು ನಿಲ್ಲುವುದಿಲ್ಲ. ಹಾಜರಾತಿ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಸಹಿ ಮಾಡಲು ಬಿಡದೆ, ಅನಂತರ ‘ಅನಧಿಕೃತ ಗೈರುಹಾಜರಿ’ ಎಂದು ತೋರಿಸುವ ಪದ್ಧತಿಯಂತೂ ಮೇಲಿನವರ ಪರಿಶೀಲನೆಯಲ್ಲಿ ಮೊದಲು ಬಯಲಾಗುವಂತಹುದು.

3. ವೇತನ: ಕರುಣೆಯಲ್ಲ, ಋಣ

1948ರ ಕನಿಷ್ಠ ವೇತನ ಅಧಿನಿಯಮವು ‘ಸ್ಥಳೀಯ ಪ್ರಾಧಿಕಾರದ ಅಡಿಯಲ್ಲಿನ ಉದ್ಯೋಗ’ವನ್ನು ತನ್ನ ಮೂಲ ಅನುಸೂಚಿಯಲ್ಲಿಯೇ ಸೇರಿಸಿತ್ತು. ಅಂದರೆ, ಸ್ವತಂತ್ರ ಭಾರತದ ಮೊದಲ ವರ್ಷದಿಂದಲೇ ಸ್ಥಳೀಯ ಸಂಸ್ಥೆಯ ಕೆಲಸಗಾರನಿಗೆ ಈ ರಕ್ಷಣೆ ಉದ್ದೇಶಿತವಾಗಿತ್ತು. 2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿದ್ದು, ವೇತನ ಸಂಹಿತೆ, 2019 ಹಳೆಯ ಅಧಿನಿಯಮದ ಸ್ಥಾನವನ್ನು ಪಡೆದಿದೆ. ಹೆಸರು ಬದಲಾದರೂ ತತ್ತ್ವ ಬದಲಾಗಿಲ್ಲ: ಸರ್ಕಾರ ಅಧಿಸೂಚಿಸಿದ ಕನಿಷ್ಠ ದರಕ್ಕಿಂತ ಕಡಿಮೆ ವೇತನವನ್ನು ಯಾವ ಉದ್ಯೋಗದಾತನೂ ಕೊಡುವಂತಿಲ್ಲ.

ಸದಸ್ಯರು ಗಮನಿಸಬೇಕಾದ ಅಂಶಗಳು ಹೀಗಿವೆ. ಕನಿಷ್ಠ ವೇತನದಲ್ಲಿ ಮೂಲ ವೇತನದ ಜೊತೆಗೆ ತುಟ್ಟಿಭತ್ಯೆಯೂ ಸೇರಿದ್ದು, ನಮ್ಮ ರಾಜ್ಯದಲ್ಲಿ ಇದು ಪ್ರತಿ ವರ್ಷ ಏಪ್ರಿಲ್ 1ರಿಂದ ಪರಿಷ್ಕರಣೆಗೊಳ್ಳುತ್ತದೆ. ಆಯವ್ಯಯ ತಯಾರಿಸುವಾಗ ಹಿಂದಿನ ವರ್ಷದ ಮೊತ್ತವನ್ನೇ ನಕಲು ಮಾಡಿದರೆ ಏಪ್ರಿಲಿನಿಂದಲೇ ಬಾಕಿ ಬೆಳೆಯತೊಡಗುತ್ತದೆ. ಕಡಿಮೆ ವೇತನದ ಬಗ್ಗೆ ಮೂರು ವರ್ಷಗಳ ಅವಧಿಯೊಳಗೆ ಹಕ್ಕು ಕೋರಿಕೆ ಸಲ್ಲಿಸಲು ಸಂಹಿತೆಯಲ್ಲಿ ಅವಕಾಶವಿದೆ. ಪೂರ್ಣ ವೇತನ ಪಾವತಿಸಲಾಗಿದೆಯೆಂದು ಸಾಬೀತುಪಡಿಸುವ ಹೊಣೆ ನೌಕರನದಲ್ಲ, ಉದ್ಯೋಗದಾತನದು. ಆದ್ದರಿಂದ ವೇತನ ಬ್ಯಾಂಕ್ ಖಾತೆಗೇ ಹೋಗಬೇಕು, ವಹಿಗಳು ಸರಿಯಿರಬೇಕು. ಒಂದೇ ಬಗೆಯ ಕೆಲಸಕ್ಕೆ ಮಹಿಳೆಗೆ ಕಡಿಮೆ, ಪುರುಷನಿಗೆ ಹೆಚ್ಚು ಕೊಡುವುದನ್ನೂ ಸಂಹಿತೆ ನಿಷೇಧಿಸುತ್ತದೆ.

“ವಸೂಲಿಯೇ ಇಲ್ಲ, ಸಂಬಳ ಎಲ್ಲಿಂದ ಕೊಡುವುದು?” ಎಂಬ ಪ್ರಶ್ನೆ ಸಭೆಯಲ್ಲಿ ಬರುತ್ತದೆ. ಪ್ರಶ್ನೆ ಪ್ರಾಮಾಣಿಕವಾದದ್ದೇ. ಆದರೆ ಇದಕ್ಕೆ ಸರ್ವೋಚ್ಚ ನ್ಯಾಯಾಲಯವು 1983ರಲ್ಲಿ ಸಂಜಿತ್ ರಾಯ್ ಪ್ರಕರಣದಲ್ಲಿ ಉತ್ತರ ನೀಡಿದೆ. ರಾಜಸ್ಥಾನದಲ್ಲಿ ಬರಗಾಲದ ಸಮಯದಲ್ಲಿ ರಸ್ತೆ ಕಾಮಗಾರಿಯೊಂದು ನಡೆಯುತ್ತಿತ್ತು. ದಿನಕ್ಕೆ ನಿಗದಿಯಾಗಿದ್ದ ಕನಿಷ್ಠ ಕೂಲಿ 7 ರೂಪಾಯಿ. ಗುಂಪಿನ ಕೆಲಸವನ್ನು ಅಳೆದು ಹಂಚುತ್ತಿದ್ದುದರಿಂದ ಅನೇಕರಿಗೆ ಅದಕ್ಕಿಂತ ಕಡಿಮೆ ಸಿಗುತ್ತಿತ್ತು. ಕ್ಷಾಮ ಪರಿಹಾರ ಕಾಮಗಾರಿಗಳಿಗೆ ಕಾರ್ಮಿಕ ಕಾನೂನುಗಳಿಂದ ವಿನಾಯಿತಿ ನೀಡುವ ರಾಜ್ಯದ ಒಂದು ಅಧಿನಿಯಮವೇ ಇತ್ತು. ಆದರೂ ನ್ಯಾಯಾಲಯವು ಅದನ್ನು ಒಪ್ಪಲಿಲ್ಲ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೇ ಅನುಚ್ಛೇದ ನಿಷೇಧಿಸಿರುವ ಬಲವಂತದ ದುಡಿಮೆಗೆ ಸಮವೆಂದೂ, ಜನರ ಕಷ್ಟಕಾಲವನ್ನು ಬಳಸಿಕೊಂಡು ಸರ್ಕಾರ ಅಗ್ಗದ ದುಡಿಮೆ ಪಡೆಯಲಾಗದೆಂದೂ ಅದು ತೀರ್ಮಾನಿಸಿತು. ಇಡೀ ರಾಜ್ಯ ಸರ್ಕಾರಕ್ಕೇ ಸಿಗದ ವಿನಾಯಿತಿ ನಮ್ಮ ಪಂಚಾಯಿತಿಗೆ ಸಿಗುವುದಿಲ್ಲ. ತೆರಿಗೆ ವಸೂಲಿ ಹೆಚ್ಚಿಸುವುದು, ವೇತನಕ್ಕೆ ಆಯವ್ಯಯದಲ್ಲಿ ಮೊದಲೇ ಮೊತ್ತ ಕಾಯ್ದಿರಿಸುವುದು ಇವೇ ಉತ್ತರ. ಸಂಬಳ ನಿಲ್ಲಿಸುವುದು ಉತ್ತರವಲ್ಲ.

ಸಂಬಳ ತಡೆಯುವುದನ್ನು ಶಿಕ್ಷೆಯಂತೆ ಬಳಸುವ ರೂಢಿಯೂ ಕೆಲವೆಡೆ ಇದೆ. ಮಾಡಿದ ಕೆಲಸದ ವೇತನ ನೌಕರನಿಗೆ ಸೇರಿದ್ದು. ಶಿಸ್ತು ಕ್ರಮ ಬೇರೆ, ಗಳಿಸಿದ ವೇತನ ಬೇರೆ. ಒಂದನ್ನು ಇನ್ನೊಂದಕ್ಕೆ ಒತ್ತೆಯಿಡುವಂತಿಲ್ಲ.

4. ಪಂಚಾಯಿತಿಯ ಕೆಲಸ ಮತ್ತು ಮನೆಯ ಕೆಲಸ

ನೀರುಗಂಟಿಯ ದಿನ ನಸುಕಿನ ನಾಲ್ಕು ಗಂಟೆಗೆ ಆರಂಭವಾಗಬಹುದು; ವಿದ್ಯುತ್ ಯಾವಾಗ ಬರುತ್ತದೋ ಆಗ ಆತನ ಹಗಲು. ಇಂತಹವರನ್ನು ಸದಸ್ಯರ ಮನೆಯ ಸಮಾರಂಭಕ್ಕೆ ಶಾಮಿಯಾನ ಕಟ್ಟಲು, ಹೊಲದ ಮೋಟಾರು ರಿಪೇರಿ ಮಾಡಲು, ಅಧಿಕಾರಿಗಳ ಮನೆಗೆ ಸಾಮಾನು ತಲುಪಿಸಲು ಕರೆಯುವುದು ನಮಗೆ ಸಹಜವಾಗಿ ಕಾಣುತ್ತದೆ. ಅಧಿಕಾರಿ ಎಂದಾಗ ನನ್ನಂತಹವರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ‘ಇಲ್ಲ’ ಎನ್ನಲಾಗದ ಸ್ಥಿತಿಯಲ್ಲಿರುವವರಿಂದ ಕೂಲಿಯಿಲ್ಲದೆ ಪಡೆಯುವ ಕೆಲಸಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಬಿಟ್ಟಿ ಚಾಕರಿ. 23ನೇ ಅನುಚ್ಛೇದ ಅದನ್ನು ಹೆಸರಿಸಿಯೇ ನಿಷೇಧಿಸಿದೆ.

ಕೆಲಸದ ಅವಧಿ, ವಾರದ ವಿಶ್ರಾಂತಿ ಇವೂ ಕನಿಷ್ಠ ವೇತನ ಕಾನೂನಿನ ಭಾಗಗಳೇ. ನಿಗದಿತ ಅವಧಿಯನ್ನು ಮೀರಿದ ದುಡಿಮೆಗೆ ಸಾಮಾನ್ಯ ದರದ ಎರಡರಷ್ಟಕ್ಕೆ ಕಡಿಮೆಯಿಲ್ಲದ ವೇತನ ಕೊಡಬೇಕೆಂದು ಸಂಹಿತೆ ಹೇಳುತ್ತದೆ. ಒಬ್ಬರೇ ನೀರುಗಂಟಿ ಇರುವ ಗ್ರಾಮದಲ್ಲಿ ವಾರಕ್ಕೊಂದು ದಿನ ಬದಲಿ ವ್ಯವಸ್ಥೆ ಹೇಗೆ ಎಂಬುದನ್ನು ಸಭೆಯಲ್ಲಿ ಚರ್ಚಿಸಿ ವೇಳಾಪಟ್ಟಿ ಮಾಡಿದರೆ ನೌಕರನಿಗೂ ನೆಮ್ಮದಿ, ವಾಲ್ವುಗಳ ಗುಟ್ಟು ಇನ್ನೊಬ್ಬರಿಗೂ ತಿಳಿದಂತಾಗುತ್ತದೆ.

5. ಮಹಿಳಾ ನೌಕರರು: ಘನತೆ ಮತ್ತು ತಾಯ್ತನ

ಇಂದು ನಮ್ಮ ಪಂಚಾಯಿತಿಗಳಲ್ಲಿ ಕಸ ಸಂಗ್ರಹದ ವಾಹನವನ್ನು ಸ್ವಸಹಾಯ ಸಂಘಗಳ ಮಹಿಳೆಯರು ಚಲಾಯಿಸುತ್ತಿದ್ದಾರೆ. ಕಚೇರಿಯಲ್ಲಿ, ಗ್ರಂಥಾಲಯದಲ್ಲಿ, ಒಣಕಸ ವಿಂಗಡಣಾ ಘಟಕದಲ್ಲಿ ಮಹಿಳೆಯರಿದ್ದಾರೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾನೂನು ದೊಡ್ಡ ಕಂಪನಿಗಳಿಗೆ ಮಾತ್ರ ಅನ್ವಯಿಸುತ್ತದೆಂದು ತಿಳಿದವರು ಅದರ ಮೂಲವನ್ನು ನೆನೆಯಬೇಕು. ರಾಜಸ್ಥಾನದ ಭಟೇರಿ ಗ್ರಾಮದ ಭಂವರಿ ದೇವಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ‘ಸಾಥಿನ್’ ಆಗಿದ್ದ ಗ್ರಾಮಮಟ್ಟದ ಕಾರ್ಯಕರ್ತೆ. ಬಾಲ್ಯವಿವಾಹವೊಂದನ್ನು ತಡೆಯುವ ತನ್ನ ಕೆಲಸವನ್ನು ಮಾಡಿದ್ದಕ್ಕಾಗಿ 1992ರಲ್ಲಿ ಅವರು ಸಾಮೂಹಿಕ ದೌರ್ಜನ್ಯಕ್ಕೆ ಗುರಿಯಾದರು. ಆ ಘಟನೆಯ ಹಿನ್ನೆಲೆಯಲ್ಲಿ ಸಲ್ಲಿಕೆಯಾದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ವಿಶಾಖಾ ಮಾರ್ಗಸೂಚಿಗಳನ್ನು ನೀಡಿತು. ಅದರ ಮುಂದುವರಿಕೆಯಾಗಿ 2013ರಲ್ಲಿ ಅಧಿನಿಯಮ ಬಂದಿತು. ಈ ಕಾನೂನು ಹುಟ್ಟಿದ್ದೇ ನಮ್ಮಂತಹ ಹಳ್ಳಿಯೊಂದರ ಕಾರ್ಯಕರ್ತೆಯ ಸಂಕಟದಿಂದ.

ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ರಚಿಸುವುದು ಕಡ್ಡಾಯ. ಹತ್ತಕ್ಕಿಂತ ಕಡಿಮೆ ನೌಕರರಿರುವಲ್ಲಿ, ಅಥವಾ ದೂರು ಉದ್ಯೋಗದಾತರ ವಿರುದ್ಧವೇ ಇದ್ದಲ್ಲಿ, ದೂರನ್ನು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಸಲ್ಲಿಸಬೇಕು. ಗ್ರಾಮಾಂತರ ಪ್ರದೇಶಗಳಿಗಾಗಿ ತಾಲ್ಲೂಕು ಮಟ್ಟದಲ್ಲಿ ನೋಡಲ್ ಅಧಿಕಾರಿ ದೂರು ಸ್ವೀಕರಿಸಿ 7 ದಿನಗಳೊಳಗೆ ಸಮಿತಿಗೆ ಕಳುಹಿಸಬೇಕು. ದೂರು ಸಲ್ಲಿಸಲು ಘಟನೆಯ ದಿನದಿಂದ 3 ತಿಂಗಳ ಅವಧಿಯಿದ್ದು, ಸಕಾರಣವಿದ್ದಲ್ಲಿ ಇನ್ನೂ 3 ತಿಂಗಳು ವಿಸ್ತರಿಸಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ದಿನಗೂಲಿ, ತಾತ್ಕಾಲಿಕ, ಗುತ್ತಿಗೆ, ಸ್ವಯಂಸೇವಕ ಎಂಬ ಭೇದವಿಲ್ಲದೆ ಎಲ್ಲ ಮಹಿಳೆಯರಿಗೂ ಇದು ಅನ್ವಯ.

ಸದಸ್ಯರಲ್ಲಿ ವಿಶೇಷ ವಿನಂತಿಯೊಂದಿದೆ. ಇಂತಹ ದೂರು ಬಂದಾಗ ಊರ ಹಿರಿಯರನ್ನು ಕೂಡಿಸಿ ‘ರಾಜಿ ಪಂಚಾಯಿತಿ’ ಮಾಡಬೇಡಿ. ಸಂಧಾನವೆಂಬುದು ನೊಂದ ಮಹಿಳೆ ತಾನಾಗಿ ಕೋರಿದಾಗ ಮಾತ್ರ, ಸಮಿತಿಯ ಮೂಲಕ ಮಾತ್ರ ನಡೆಯಬೇಕು. ಹಣದ ಒಪ್ಪಂದ ಅದಕ್ಕೆ ಆಧಾರವಾಗುವಂತಿಲ್ಲ. ಆಕೆಯ ಹೆಸರನ್ನಾಗಲಿ ದೂರಿನ ವಿವರವನ್ನಾಗಲಿ ಬಹಿರಂಗಪಡಿಸುವುದನ್ನು ಕಾನೂನು ನಿಷೇಧಿಸಿದೆ. ಸಭೆಯ ನಡಾವಳಿಯಲ್ಲಿಯೂ, ಮೊಬೈಲ್ ಗುಂಪಿನಲ್ಲಿಯೂ ಅದು ಬರಕೂಡದು.

ಹೆರಿಗೆ ಸೌಲಭ್ಯದ ವಿಷಯದಲ್ಲಿ ‘ದಿನಗೂಲಿಯವರಿಗೆ ರಜೆ ಎಲ್ಲಿಯದು?’ ಎಂಬ ಮಾತಿಗೆ ಒಂದು ಸ್ಥಳೀಯ ಸಂಸ್ಥೆಯ ಪ್ರಕರಣವೇ ಉತ್ತರ. ದೆಹಲಿ ಮಹಾನಗರ ಪಾಲಿಕೆಯಲ್ಲಿ ಹಾಜರಿಪಟ್ಟಿಯ ಮೇಲೆ ದುಡಿಯುತ್ತಿದ್ದ ಮಹಿಳೆಯರು ತಮಗೂ ಹೆರಿಗೆ ಸೌಲಭ್ಯ ಬೇಕೆಂದು ಕೇಳಿದಾಗ, ಅವರು ಕಾಯಂ ನೌಕರರಲ್ಲವೆಂದು ಪಾಲಿಕೆ ವಾದಿಸಿತು. 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಾದವನ್ನು ತಳ್ಳಿಹಾಕಿ, ಸೌಲಭ್ಯ ನೀಡಬೇಕೆಂದು ತೀರ್ಪು ನೀಡಿತು. 2017ರ ತಿದ್ದುಪಡಿಯಿಂದ ಮೊದಲೆರಡು ಮಕ್ಕಳವರೆಗೆ 26 ವಾರಗಳ ವೇತನಸಹಿತ ರಜೆಯಾಗಿದ್ದು, ಸಾಮಾಜಿಕ ಭದ್ರತಾ ಸಂಹಿತೆ, 2020ರಲ್ಲಿಯೂ ಇದು ಮುಂದುವರಿದಿದೆ. ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರುವುದು ಷರತ್ತು. ಹೆರಿಗೆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ.

6. ಜೀವದ ಸುರಕ್ಷತೆ

ಗ್ರಾಮಗಳಲ್ಲಿ ಶೌಚಾಲಯಗಳು ಹೆಚ್ಚಿದಂತೆ ತುಂಬಿದ ಗುಂಡಿಗಳೂ ಹೆಚ್ಚುತ್ತಿವೆ. ಸದಸ್ಯರಿಗೆ ಜನರಿಂದ ಕರೆ ಬರುತ್ತದೆ: ‘ಯಾರನ್ನಾದರೂ ಕಳುಹಿಸಿ’. ಆ ‘ಯಾರನ್ನಾದರೂ’ ಎಂಬಲ್ಲಿ ಅಪಾಯವಿದೆ. ಮುಚ್ಚಿದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಅನಿಲಗಳು ಸೇರಿಕೊಂಡಿರುತ್ತವೆ. ಹೈಡ್ರೋಜನ್ ಸಲ್ಫೈಡ್ ಕಡಿಮೆ ಪ್ರಮಾಣದಲ್ಲಿ ಕೊಳೆತ ಮೊಟ್ಟೆಯ ವಾಸನೆ ಬೀರುತ್ತದೆ; ಪ್ರಮಾಣ ಹೆಚ್ಚಿದಾಗ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುತ್ತದೆ. ವಾಸನೆಯಿಲ್ಲವೆಂದು ಇಳಿದವನು ಕೆಲವೇ ಉಸಿರಿನಲ್ಲಿ ಕುಸಿಯಬಹುದು. ಅವನನ್ನು ಎತ್ತಲು ಇಳಿದ ಎರಡನೆಯವನೂ ಅಲ್ಲಿಯೇ ಉಳಿಯುತ್ತಾನೆ.

ಆದುದರಿಂದಲೇ 2013ರ ಮಲ ಹೊರುವ ವೃತ್ತಿ ನಿಷೇಧ ಮತ್ತು ಪುನರ್ವಸತಿ ಅಧಿನಿಯಮದ 7ನೇ ಪ್ರಕರಣವು ಯಾವುದೇ ವ್ಯಕ್ತಿ, ಸ್ಥಳೀಯ ಪ್ರಾಧಿಕಾರ ಅಥವಾ ಏಜೆನ್ಸಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಒಳಚರಂಡಿ ಅಥವಾ ಶೌಚಗುಂಡಿಯ ಅಪಾಯಕಾರಿ ಶುಚಿಗೊಳಿಸುವಿಕೆಗೆ ಜನರನ್ನು ತೊಡಗಿಸುವುದನ್ನು ನಿಷೇಧಿಸಿದೆ. ಮೊದಲ ಬಾರಿಯ ಉಲ್ಲಂಘನೆಗೇ 2 ವರ್ಷಗಳವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡೂ ಇವೆ, ಅಪರಾಧ ಜಾಮೀನುರಹಿತ. ‘ಪರೋಕ್ಷವಾಗಿ’ ಎಂದರೆ ಸದಸ್ಯರು ಫೋನಿನಲ್ಲಿ ಹೇಳಿ ಕಳುಹಿಸುವುದೂ ಆಗಬಹುದು. ಪರಿಶಿಷ್ಟರನ್ನು ಈ ಕೆಲಸಕ್ಕೆ ಹಚ್ಚಿದರೆ ದೌರ್ಜನ್ಯ ತಡೆ ಅಧಿನಿಯಮವೂ ಅನ್ವಯಿಸಬಹುದು. ಇಂತಹ ಸಾವು ಸಂಭವಿಸಿದಲ್ಲಿ ನೀಡಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್ 20ರ ಬಲರಾಂ ಸಿಂಗ್ ಪ್ರಕರಣದ ತೀರ್ಪಿನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗಳಿಗೆ ಏರಿಸಿದೆ. ಹೀರುಯಂತ್ರದ ವಾಹನದ ದೂರವಾಣಿ ಸಂಖ್ಯೆ ಪ್ರತಿ ಪಂಚಾಯಿತಿಯ ಸೂಚನಾ ಫಲಕದಲ್ಲಿರಲಿ. ಬರುವ ಕರೆಗೆ ಅದೇ ಉತ್ತರವಾಗಲಿ.

ನೀರುಗಂಟಿಯ ಅಪಾಯ ವಿದ್ಯುತ್ತಿನದು. ಮಳೆಗಾಲದಲ್ಲಿ ಸೋರುವ ಪಂಪ್‌ಹೌಸು, ಮುಚ್ಚಳವಿಲ್ಲದ ಸ್ಟಾರ್ಟರ್ ಪೆಟ್ಟಿಗೆ, ಸವೆದ ವೈರು, ಅರ್ತಿಂಗ್ ಇಲ್ಲದ ಮೋಟಾರು ಇವೆಲ್ಲವೂ ಸಣ್ಣ ಖರ್ಚಿನಲ್ಲಿ ಸರಿಪಡಿಸಬಹುದಾದವು. ರಬ್ಬರ್ ಕೈಗವಸು, ಒಣಗಿದ ಮರದ ಹಲಗೆ, ಟೆಸ್ಟರ್ ಇವನ್ನು ಒದಗಿಸುವುದು ಪಂಚಾಯಿತಿಯ ಕರ್ತವ್ಯ. ಇದರ ಜೊತೆಗೆ ವರ್ಷಕ್ಕೆ 20 ರೂಪಾಯಿ ಪ್ರೀಮಿಯಂ ಇರುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 2 ಲಕ್ಷ ರೂಪಾಯಿಗಳ ಅಪಘಾತ ವಿಮೆ ದೊರೆಯುತ್ತದೆ. ಎಲ್ಲ ನೌಕರರೂ ನೋಂದಾಯಿಸಿರುವರೇ ಎಂಬುದನ್ನು ಒಮ್ಮೆ ಪರಿಶೀಲಿಸಿ. ಆದರೆ ವಿಮೆಯು ಸುರಕ್ಷತೆಗೆ ಬದಲಿಯಲ್ಲ.

7. ಕರುಣೆಯಿಂದ ಮಾಡಿದ ನೇಮಕವೂ ಅನ್ಯಾಯವಾಗಬಹುದು

ಇದುವರೆಗೆ ತೆಗೆದುಹಾಕುವ ವಿಷಯವನ್ನು ಹೇಳಿದೆ. ಸೇರಿಸಿಕೊಳ್ಳುವ ವಿಷಯವೂ ಅಷ್ಟೇ ಮುಖ್ಯ. ಅಧಿನಿಯಮದ 113ನೇ ಪ್ರಕರಣದಂತೆ ಪಂಚಾಯಿತಿಯು ನೌಕರರನ್ನು ನೇಮಿಸಲು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯವರ ಪೂರ್ವಾನುಮೋದನೆ ಅವಶ್ಯಕ. ಇದನ್ನು ಬಿಟ್ಟು, ‘ಬಡವ, ಇರಲಿ, ಮುಂದೆ ಕಾಯಂ ಮಾಡೋಣ’ ಎಂದು ಬಾಯಿಮಾತಿನಲ್ಲಿ ಸೇರಿಸಿಕೊಂಡವರ ಗತಿ ಏನಾಗುತ್ತದೆ? ಅಧ್ಯಕ್ಷರು 30 ತಿಂಗಳಿಗೊಮ್ಮೆ, ಮಂಡಳಿ ಐದು ವರ್ಷಕ್ಕೊಮ್ಮೆ ಬದಲಾಗುತ್ತದೆ. ಮಾತು ಕೊಟ್ಟವರು ಹೋಗುತ್ತಾರೆ, ದಾಖಲೆಯಿಲ್ಲದವನು ಉಳಿಯುತ್ತಾನೆ.

ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಗೆ ಸಂಬಂಧಿಸಿದ ಉಮಾದೇವಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2006ರ ಏಪ್ರಿಲ್ 10ರಂದು, ನಿಯಮಬಾಹಿರವಾಗಿ ಸೇರಿದವರು ಸೇವೆ ಸಲ್ಲಿಸಿದ ಮಾತ್ರಕ್ಕೇ ಕಾಯಮಾತಿಯನ್ನು ಹಕ್ಕಾಗಿ ಕೇಳುವಂತಿಲ್ಲವೆಂದು ಹೇಳಿತು. ಇನ್ನೊಂದೆಡೆ, 2024ರ ಡಿಸೆಂಬರಿನ ಜಗ್ಗೋ ಪ್ರಕರಣದಲ್ಲಿ ಅದೇ ನ್ಯಾಯಾಲಯವು, ದಶಕಗಳ ಕಾಲ ನಿರಂತರ ಸ್ವರೂಪದ ಕೆಲಸ ಮಾಡಿಸಿಕೊಂಡು ಉಮಾದೇವಿ ತೀರ್ಪನ್ನೇ ಗುರಾಣಿಯಾಗಿಸಿಕೊಂಡು ಅಂತಹ ನೌಕರರನ್ನು ಹೊರಹಾಕುವುದನ್ನು ಒಪ್ಪಲಿಲ್ಲ. ಎರಡೂ ತೀರ್ಪುಗಳಿಂದ ನಾವು ಕಲಿಯಬೇಕಾದ ಪಾಠ ಒಂದೇ: ಕೆಲಸ ನಿರಂತರವಾಗಿದ್ದರೆ ಹುದ್ದೆಗೆ ಅನುಮೋದನೆ ಪಡೆದು, ಮೀಸಲಾತಿ ಪಾಲಿಸಿ, ಕ್ರಮಬದ್ಧವಾಗಿ ನೇಮಿಸಬೇಕು. ನೇಮಕಾತಿ ಆದೇಶದ ಪ್ರತಿ ನೌಕರನ ಕೈಯಲ್ಲಿರಬೇಕು.

8. ನಿರ್ಣಯಕ್ಕೆ ಕೈ ಎತ್ತುವ ಮುನ್ನ

ನೌಕರರಿಗೆ ಸಂಬಂಧಿಸಿದ ಯಾವುದೇ ವಿಷಯ ಸಭೆಯ ಮುಂದೆ ಬಂದಾಗ ಸದಸ್ಯರು ಈ ಪ್ರಶ್ನೆಗಳನ್ನು ಕೇಳಬೇಕೆಂದು ಕೋರುತ್ತೇನೆ.

1) ಈ ವಿಷಯ ಕಾರ್ಯಸೂಚಿಯಲ್ಲಿ ಮುಂಚಿತವಾಗಿ ಇತ್ತೇ, ಅಥವಾ ‘ಇತರೆ ವಿಷಯ’ವಾಗಿ ಬಂದಿತೇ?
2) ಲಿಖಿತ ದೂರು ಎಲ್ಲಿದೆ? ಕಡತವನ್ನು ಸಭೆಯಲ್ಲಿ ಓದಲಾಗಿದೆಯೇ?
3) ನೌಕರನಿಗೆ ನೋಟಿಸು ತಲುಪಿದೆಯೇ? ಆತನ ಉತ್ತರವೇನು?
4) ದೂರು ನೀಡಿದವರೇ ತೀರ್ಮಾನಿಸುತ್ತಿದ್ದಾರೆಯೇ?
5) ಇದೇ ತಪ್ಪಿಗೆ ಹಿಂದೆ ಬೇರೊಬ್ಬರಿಗೆ ಏನು ಶಿಕ್ಷೆ ನೀಡಲಾಗಿತ್ತು?
6) ಎಲ್ಲ ನೌಕರರ ವೇತನ ಯಾವ ತಿಂಗಳವರೆಗೆ ಪಾವತಿಯಾಗಿದೆ? ಚಾಲ್ತಿ ತುಟ್ಟಿಭತ್ಯೆ ಸೇರಿದೆಯೇ?
7) ಈ ನಿರ್ಣಯ ರದ್ದಾದಲ್ಲಿ ಬಾಕಿ ವೇತನವನ್ನು ಯಾವ ಲೆಕ್ಕಶೀರ್ಷಿಕೆಯಿಂದ ಕೊಡಬೇಕಾಗುತ್ತದೆ?

ಉತ್ತರ ಸಮಾಧಾನಕರವಾಗಿಲ್ಲದಿದ್ದಲ್ಲಿ ತಮ್ಮ ಭಿನ್ನಾಭಿಪ್ರಾಯವನ್ನು ನಡಾವಳಿಯಲ್ಲಿ ದಾಖಲಿಸುವಂತೆ ಕೇಳಬಹುದು. ಹಾಗೆ ಕೇಳಿದಾಗ ಅದನ್ನು ದಾಖಲಿಸುವುದೂ, ಕಾನೂನಿಗೆ ವಿರುದ್ಧವಾದ ನಿರ್ಣಯದ ಬಗ್ಗೆ ಸಭೆಗೆ ಅಲ್ಲಿಯೇ ಎಚ್ಚರಿಕೆ ನೀಡುವುದೂ ಅಭಿವೃದ್ಧಿ ಅಧಿಕಾರಿಯ ಕರ್ತವ್ಯ. ಅಂದು ನಾನು ಮಾಡದೆ ಉಳಿದದ್ದು ಅದನ್ನೇ. ಕಾನೂನುಬಾಹಿರ ನಿರ್ಣಯದ ಜಾರಿಯನ್ನು ತಡೆಹಿಡಿಯುವ ಅಧಿಕಾರ ಮೇಲಿನ ಪ್ರಾಧಿಕಾರಗಳಿಗಿದೆ. ಆದರೆ ಅಲ್ಲಿಯವರೆಗೆ ಹೋಗದಂತೆ ನೋಡಿಕೊಳ್ಳುವ ಅವಕಾಶ ಮೊದಲು ಇರುವುದು ಸಭೆಯಲ್ಲಿ ಕುಳಿತವರಿಗೆ.

ಮರಳಿ ಬಂದ ಆ ನೀರುಗಂಟಿ ನಿವೃತ್ತಿಯವರೆಗೂ ಕೆಲಸ ಮಾಡಿದರು. ಅವರೊಡನೆ ಕುಳಿತು ಮೂರು ಗ್ರಾಮಗಳ ವಾಲ್ವುಗಳ ನಕ್ಷೆಯೊಂದನ್ನು ಬರೆದೆ. ಅದು ಇಂದಿಗೂ ಆ ಕಚೇರಿಯ ಗೋಡೆಯ ಮೇಲಿದೆ. ಅವರು ಅಂದು ಕೇಳಿದ ಹಾಳೆಯನ್ನು ಮಾತ್ರ ನಾನು ಕೊಡಲಾಗಲಿಲ್ಲ. ಆ ಬಳಿಕ ನಾನು ಕೆಲಸ ಮಾಡಿದ ಯಾವ ಪಂಚಾಯಿತಿಯಲ್ಲಿಯೂ, ಕಾರಣವನ್ನು ಒಂದು ಹಾಳೆಯಲ್ಲಿ ಬರೆದು ನೌಕರನ ಕೈಗೆ ಕೊಡದೆ ಅವರ ವಿಷಯವನ್ನು ಸಭೆಯ ಮುಂದೆ ಇಟ್ಟಿಲ್ಲ. ತಮ್ಮ ಪಂಚಾಯಿತಿಯಲ್ಲಿಯೂ ಈ ಪದ್ಧತಿ ಜಾರಿಗೆ ಬರಲೆಂದು ಆಶಿಸುತ್ತೇನೆ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ